ಕೆಂಚ ತಿಂದ ಹುಲ್ಲು

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯಕೀಯ ಪರೀಕ್ಷಕಿಯೊಬ್ಬಳು ಫೋನ್ ಮಾಡಿದ್ದಳು. ನನ್ನ ನಂಬರ್ ಯಾರು ಕೊಟ್ಟರೋ ಗೊತ್ತಿಲ್ಲ. "ಮೇಡಂ, ನಾಯಿ ಎರಡು ದಿನದಿಂದ ಹುಲ್ಲು ತಿಂತೈತೆ ಅಂತ ಹಿಡ್ಕೊಂಡು ಬಂದವ್ರೆ. ಏನು ಕೊಡ್ಲಿ?" ಎಂದು ಕೇಳಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಈಗಲೇ ಏನೂ ಕೊಡಬೇಡ. ಎಲ್ಲಿ ತಿಂತು, ಏನು ತಿಂತು, ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಎಂದೆ. ಔಷಧಿಯ ಹೆಸರು ಹೇಳುತ್ತೇನೆಂದು ಪೆನ್ನು ಹಿಡಿದು ಕೂತಿದ್ದಳೇನೋ, ಪಾಪ, ಸಪ್ಪೆ ದನಿಯಲ್ಲಿ "ಆಯ್ತು ಮೇಡಂ" ಎಂದು ಇಟ್ಟುಬಿಟ್ಟಳು. ಈ ಮುದುಕಿಗೆ ಎಲ್ಲ ಮರೆತುಹೋಗಿದೆ ಎಂದುಕೊಂಡಿರಬೇಕು. ಮರೆತಿಲ್ಲ ಕಣಮ್ಮ. ಹಾಗೆ ಹೇಳುವುದಕ್ಕೆ ಕಾರಣವಿದೆ, ಅದನ್ನು ಹೇಳಲು ಒಂದು ಫೋನ್ ಸಾಲದು ಎಂದು ಬರೆಯಲು ಕೂತಿದ್ದೇನೆ.

ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕು ಸೇರಿಸಿ ಮೂವತ್ತೈದು ವರ್ಷ ನೌಕರಿ ಮಾಡಿದೆ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಬೇಕಾದವರು ಓದಿಕೊಳ್ಳಲಿ. ನಾನು ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗಿನ ಪರೀಕ್ಷಕಿ. ಆದರೆ ಹಳ್ಳಿಯಲ್ಲಿ ಆ ವ್ಯತ್ಯಾಸ ಯಾರಿಗೂ ಬೇಕಿರಲಿಲ್ಲ. ಸೂಜಿ ಹಿಡಿದವಳು ಡಾಕ್ಟ್ರಮ್ಮ. ನಮ್ಮ ಇಲಾಖೆ ಇರುವುದು ದನ, ಎಮ್ಮೆ, ಕುರಿ, ಮೇಕೆ, ಕೋಳಿಗಾಗಿ. ತಿಂಗಳ ವರದಿಯಲ್ಲಿ ನಾಯಿ ಬರುತ್ತಿದ್ದುದು ಕಟ್ಟಕಡೆಯ ಕಲಮಿನಲ್ಲಿ, 'ಇತರೆ' ಎಂದು. ನಾನು ಮಾಡಿದ ತಪ್ಪುಗಳಲ್ಲಿ ಮರೆಯಲಾಗದವು ಮಾತ್ರ ಆ 'ಇತರೆ'ಯಲ್ಲಿಯೇ ಇವೆ.

ಮೊದಲನೆಯದು ರಾಂಪುರದಲ್ಲಿ. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಲಕ್ಷ್ಮಕ್ಕ ಎಂಬ ಹೆಂಗಸಿನ ನಾಯಿಗೆ ಹುಚ್ಚು ಹಿಡಿದಿದೆ ಎಂದು ಕರೆದುಕೊಂಡು ಹೋದರು. ಬೇವಿನ ಮರಕ್ಕೆ ಎರಡು ಹಗ್ಗ ಹಾಕಿ ಕಟ್ಟಿದ್ದರು. ನಾಯಿ ತಲೆ ಒದರುತ್ತಿತ್ತು, ಜೊಲ್ಲು ಸುರಿಸುತ್ತಿತ್ತು, ಮರಕ್ಕೆ ತಲೆ ಉಜ್ಜಿ ಅರಚುತ್ತಿತ್ತು. ಸುತ್ತ ನಾಲ್ಕು ಜನ ದೊಣ್ಣೆ ಹಿಡಿದು ನಿಂತು, ನಾನು ಹೂಂ ಅನ್ನುವುದನ್ನೇ ಕಾಯುತ್ತಿದ್ದರು. ಹುಚ್ಚು ನಾಯಿಯ ಲಕ್ಷಣಗಳನ್ನು ತರಬೇತಿಯಲ್ಲಿ ಗಿಣಿಪಾಠ ಮಾಡಿದ್ದೆ. ಹತ್ತಿರವೂ ಹೋಗದೆ, "ಹೌದು, ಹುಚ್ಚೇ. ಯಾರೂ ಮುಟ್ಟಬೇಡಿ" ಎಂದು ಹೇಳಿ ಡಾಕ್ಟರಿಗೆ ಹೇಳಿಕಳಿಸಿದೆ.

ಆಗಿನ ನಮ್ಮ ಡಾಕ್ಟರು ಮಹಾ ಮುಂಗೋಪಿ. ಸೈಕಲ್ ಒರಗಿಸಿ ಬಂದವರು ದೂರದಿಂದಲೇ ಐದು ನಿಮಿಷ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮ, ಹುಚ್ಚು ಹಿಡಿದ ನಾಯಿ ಎಡಗಡೆ ಕಿವಿ ಒಂದನ್ನೇ ಒದರ್ತದೇನು?" ಎಂದರು. ನಾನು ಆಗ ನೋಡಿದೆ. ನಿಜ, ತಲೆ ಪ್ರತಿ ಸಲವೂ ಎಡಕ್ಕೇ ವಾಲುತ್ತಿತ್ತು. ನೀರಿಟ್ಟರೆ ಗಟಗಟ ಕುಡಿಯಿತು. ಡಾಕ್ಟರು ಹೆಗಲ ಮೇಲಿನ ಟವೆಲ್ಲಿನಿಂದ ನಾಯಿಯ ಬಾಯಿ ಬಿಗಿದು, ಉಗುರುಬೆಚ್ಚಗಿನ ಎಣ್ಣೆ ಕಿವಿಗೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಚಿಮ್ಮಟ ಹಾಕಿ ಎಳೆದರು. ಬಂದದ್ದು ಒಂದು ಊಬು. ಕುರಿ ದನ ಮೇಯುವ ಕಾವಲಿನಲ್ಲಿ ಬೆಳೆಯುವ ಊಬಿನ ಹುಲ್ಲು ಒಣಗಿದಾಗ ಅದರ ತೆನೆಯಿಂದ ಬಿಡುವ ಸೂಜಿಯಂಥ ಮುಳ್ಳು. ನೆತ್ತಿಯ ಕೂದಲೆಳೆಯಷ್ಟು ತೆಳು. ಲಕ್ಷ್ಮಕ್ಕ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು "ಇಂತ ಚಿನ್ನದಾ?" ಎಂದು ತೆಲುಗಿನಲ್ಲಿ ಬೆರಗಾದಳು. ಇಷ್ಟು ಚಿಕ್ಕದಕ್ಕೆ ಅವಳ ನಾಯಿಯನ್ನು ಹೊಡೆದು ಕೊಲ್ಲುವುದರಲ್ಲಿದ್ದರು, ಅದಕ್ಕೆ ಅಪ್ಪಣೆ ಕೊಟ್ಟವಳು ನಾನು. ಡಾಕ್ಟರು ಮುಂದಿನ ಆರು ತಿಂಗಳು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಎಲ್ಲಮ್ಮ ನಮ್ಮ ಹುಚ್ಚು ಡಾಕ್ಟ್ರಮ್ಮ?" ಎಂದೇ ಕರೆದರು.

ಆಮೇಲೆ ಊಬು ತೆಗೆಯುವುದರಲ್ಲಿ ನನ್ನ ಕೈ ಪಳಗಿತು. ಮಳೆಗಾಲ ಮುಗಿದು ಕಾವಲು ಕಂದುಬಣ್ಣಕ್ಕೆ ತಿರುಗಿತೆಂದರೆ ಕುರಿಹಿಂಡಿನ ನಾಯಿಗಳು ಸಾಲು ಹಚ್ಚುತ್ತಿದ್ದವು. ಕಿವಿಯಲ್ಲಿ ಊಬು, ಬೆರಳ ಸಂದಿಯಲ್ಲಿ ಊಬು, ಒಂದಕ್ಕಂತೂ ಮೂಗಿನಲ್ಲಿ. ಇಲಾಖೆಯಿಂದ ಬರುವ ಔಷಧಿ ಮುಗಿದರೆ ಚಳ್ಳಕೆರೆ ಗಿರಣಿಯ ಶೇಂಗಾ ಎಣ್ಣೆ ಇದ್ದೇ ಇತ್ತು, ಅದು ಯಾವ ಮನೆಯಲ್ಲಿ ಇರುವುದಿಲ್ಲ? ಮೊದಮೊದಲು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಿವಿಯೊಳಗೆ ಇಣುಕುತ್ತಿದ್ದೆ. ಆಮೇಲೆ ಹಣೆಗೆ ಕಟ್ಟುವ ದೀಪ ಬಂತು. ಕೊನೆಕೊನೆಗೆ ಕುರಿಗಾಹಿಗಳೇ ಮೊಬೈಲಿನಲ್ಲಿ ನಾಯಿಯ ಕಿವಿಯ ವಿಡಿಯೊ ತೆಗೆದು ಕಳಿಸತೊಡಗಿದರು. ಬೆಳಗ್ಗೆ ಎದ್ದು ಫೋನ್ ನೋಡಿದರೆ ಬೇರೆಯವರಿಗೆ ಹೂವಿನ ಚಿತ್ರ, ಶುಭೋದಯ. ನನಗೆ ಕೀವು ತುಂಬಿದ ಕಿವಿ.

ಒಬ್ಬ ಕುರಿಗಾಹಿ ಮಾತ್ರ ಊಬು ಹೊಕ್ಕ ನಾಯಿಯನ್ನು ಎಂದೂ ನನ್ನ ಹತ್ತಿರ ತಂದವನಲ್ಲ. ನನ್ನಿವಾಳದ ಪಾಲಯ್ಯ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ನಾನು ಪಾಲಣ್ಣ ಎನ್ನುತ್ತಿದ್ದೆ. ಸಂಜೆ ಹಿಂಡು ರೊಪ್ಪಕ್ಕೆ ಸೇರಿದ ಮೇಲೆ, ತಾನು ಉಣ್ಣುವ ಮೊದಲು, ನಾಯಿಯನ್ನು ಅಂಗಾತ ಮಲಗಿಸಿ ನಾಲ್ಕೂ ಕಾಲು, ಎರಡೂ ಕಿವಿ ಬೆರಳಿನಿಂದ ತಡವಿ ನೋಡುವುದು ಅವನ ಪದ್ಧತಿ. "ಹಗಲೆಲ್ಲ ನನ್ನ ಕುರಿ ಕಾಯ್ದೈತೆ. ಅದರ ಕಾಲು ನೋಡದೆ ನಾನು ಮುದ್ದೆ ಮುರಿಲೇನು?" ಎನ್ನುತ್ತಿದ್ದ. ಅಡವಿಯ ಪ್ರತಿ ಹುಲ್ಲನ್ನೂ ಹೆಸರು ಹಿಡಿದು ಮಾತಾಡಿಸುವಂಥ ಮನುಷ್ಯ. ಯಾವ ಹುಲ್ಲಿಗೆ ಕುರಿ ಹೊಟ್ಟೆ ಉಬ್ಬುತ್ತದೆ, ಯಾವುದನ್ನು ಹೂ ಬಿಡುವ ಮೊದಲು ಮೇಯಿಸಬೇಕು ಎಲ್ಲ ಗೊತ್ತು. ನಾಯಿ ಗರಿಕೆ ತಿಂದರೆ ಮಾತ್ರ ಯಾರಿಗೂ ತಡೆಯಲು ಬಿಡುತ್ತಿರಲಿಲ್ಲ. "ಅದರ ಹೊಟ್ಟೆ ಅದಕ್ಕೆ ಗೊತ್ತೈತ್ರಿ. ತಿಂದು ಕಕ್ಕಿಕೊಂಡು ತಾನೇ ಸರಿ ಹೋಗ್ತೈತೆ" ಎನ್ನುತ್ತಿದ್ದ. ನಾನೂ ಊರೂರಿನಲ್ಲಿ ಇದನ್ನೇ ಹೇಳುತ್ತಿದ್ದೆ, ಹೇಳಿದ್ದು ನೂರಕ್ಕೆ ತೊಂಬತ್ತು ಸಲ ಸರಿಯೇ ಆಗುತ್ತಿತ್ತು.

ಚಳ್ಳಕೆರೆಗೆ ವರ್ಗವಾಗಿ ಬಂದ ಮೇಲೆ ಬೇರೆ ತರಹದ ಹುಲ್ಲಿನ ಪರಿಚಯವಾಯಿತು. ಪೇಟೆಯಲ್ಲಿ ಎಣ್ಣೆ ಗಿರಣಿಯ ಸಾಹುಕಾರರೊಬ್ಬರ ಮನೆ. ಅವರ ಹೆಂಡತಿ ಒಂದು ಬಿಳಿ ನಾಯಿಮರಿ ಸಾಕಿದ್ದರು, ಹತ್ತಿಯ ಉಂಡೆಗೆ ಎರಡು ಕಣ್ಣು ಅಂಟಿಸಿದಂತೆ ಇತ್ತು. ಮಹಡಿಯ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿ, ಅದರ ಮೇಲೆಯೇ ಎಲ್ಲ ಮುಗಿಸಬೇಕೆಂದು ಬಿಸ್ಕತ್ತು ಕೊಟ್ಟು ಕೊಟ್ಟು ಕಲಿಸಿದ್ದರು. ಲಸಿಕೆಗೆಂದು ಆಸ್ಪತ್ರೆಗೆ ತಂದಾಗ ಅದನ್ನು ನೆಲದ ಹುಲ್ಲಿನ ಮೇಲೆ ಬಿಟ್ಟೆ. ಕೆಂಡ ತುಳಿದ ಹಾಗೆ ಒಂದೊಂದೇ ಕಾಲು ಎತ್ತಿ ನಿಂತುಬಿಟ್ಟಿತು. "ಅದಕ್ಕೆ ಇದು ಅಭ್ಯಾಸ ಇಲ್ಲ ರೀ, ಇದು ಚುಚ್ಚುತ್ತೆ" ಎಂದರು ಆಕೆ, ನಾವೇ ಗಲೀಜು ಹುಲ್ಲು ಬೆಳೆಸಿದ ಹಾಗೆ.

ಒಂದು ತಿಂಗಳ ನಂತರ ಅದೇ ಹೆಂಗಸು ಅಳುಮುಖ ಮಾಡಿಕೊಂಡು ಬಂದರು. ಅಣ್ಣನ ಮಗಳ ಮದುವೆಗೆ ಮರಿಯನ್ನು ಚೌಲ್ಟ್ರಿಗೆ ಕರೆದೊಯ್ದಿದ್ದರಂತೆ. ಈಗ ಆರತಕ್ಷತೆಯ ವೇದಿಕೆಯ ಮೇಲೂ ಅದೇ ಹಸಿರು ಚಾಪೆ ಹಾಸುತ್ತಾರಲ್ಲ. ಮರಿ ಎಲ್ಲರ ಕಾಲ ಸಂದಿಯಲ್ಲಿ ನುಸುಳಿ ವೇದಿಕೆ ಹತ್ತಿ, ಎರಡು ಸುತ್ತು ತಿರುಗಿ, ಮದುಮಗಳ ಪಕ್ಕದಲ್ಲಿ ತಾನು ಕಲಿತಿದ್ದನ್ನು ಮಾಡಿ, ಬಿಸ್ಕತ್ತಿಗಾಗಿ ಬಾಲ ಅಲ್ಲಾಡಿಸಿತಂತೆ. ಹೊಸ ಮೊಳಕಾಲ್ಮೂರು ಸೀರೆಯ ಸೆರಗು ಅಲ್ಲೇ ಹರಡಿತ್ತು. ವಿಡಿಯೊದವನು ನಿಲ್ಲಿಸದೆ ಎಲ್ಲ ತೆಗೆದುಕೊಂಡನಂತೆ. "ಇದನ್ನ ಬಿಡಿಸೋಕೆ ಏನಾದ್ರೂ ಇಂಜೆಕ್ಷನ್ ಇದೆಯಾ?" ಎಂದು ಕೇಳಿದರು. ನಗು ತಡೆಯಲಾಗದೆ ಔಷಧಿ ಹುಡುಕುವ ನೆಪದಲ್ಲಿ ಒಳಗೆ ಹೋದೆ. "ಅಮ್ಮ, ಅದು ಹೇಳಿಕೊಟ್ಟ ಪಾಠ ಸರಿಯಾಗಿ ಒಪ್ಪಿಸಿದೆ. ನಾಳೆಯಿಂದ ಬೆಳಗ್ಗೆ ಬೆಳಗ್ಗೆ ಮಣ್ಣಿಗೆ ಕರೆದುಕೊಂಡು ಹೋಗಿ" ಎಂದು ಹೇಳಿ ಕಳಿಸಿದೆ. ಎರಡು ತಿಂಗಳು ಹಿಡಿಯಿತು, ಆದರೆ ಕಲಿಯಿತು.

ಅಷ್ಟರಲ್ಲಿ ಬಳ್ಳಾರಿ ರಸ್ತೆಯ ಪಕ್ಕ ರಿಯಾಜ್ ಎಂಬ ಯುವಕ ಟರ್ಫ್ ಮೈದಾನ ಮಾಡಿದ. ಅವನ ತಂದೆಯದು ಲಾರಿ ರಿಪೇರಿಯ ಗ್ಯಾರೇಜು, ಮಗನಿಗೆ ಕ್ರಿಕೆಟ್ಟಿನ ಹುಚ್ಚು. ಎತ್ತರದ ಬಲೆ, ದೊಡ್ಡ ದೀಪಗಳು, ಕೆಳಗೆ ಹಸಿರೋ ಹಸಿರು ಪ್ಲಾಸ್ಟಿಕ್ ಹುಲ್ಲು. ಸುತ್ತಲ ಬಯಲೆಲ್ಲ ಬೂದುಬಣ್ಣಕ್ಕೆ ತಿರುಗಿದ್ದರೂ ಅದೊಂದು ಜಾಗ ಮಾತ್ರ ಮಲೆನಾಡಾಗಿ ಹೊಳೆಯುತ್ತಿತ್ತು. ಆ ಮೈದಾನದ ಕಾವಲುಗಾರನಾಗಿ ಸೇರಿದವನು ನಮ್ಮ ಪಾಲಯ್ಯ. ಮಂಡಿ ಸವೆದು ಅಡವಿ ಅಲೆಯಲು ಆಗದೆ ಹಿಂಡನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟಿದ್ದ. "ಕುರಿ ಎಲ್ಲ ಕೊಟ್ಟೆರಿ. ಇವನ್ನ ಕೇಳಿದ್ರು, ಇವನ್ನ ಮಾತ್ರ ಕೊಡ್ಲಿಲ್ಲ" ಎಂದ, ಪಕ್ಕದಲ್ಲಿ ಮಲಗಿದ್ದ ಕಂದುಬಣ್ಣದ ನಾಯಿಯ ತಲೆ ಸವರುತ್ತ. ಅದರ ಹೆಸರು ಕೆಂಚ. ಇಬ್ಬರಿಗೂ ಗೇಟಿನ ಪಕ್ಕದ ತಗಡಿನ ಶೆಡ್ಡೇ ಮನೆ.

ಪಾಲಯ್ಯ ಟರ್ಫನ್ನು ಮೊದಲ ದಿನವೇ ಪರೀಕ್ಷೆ ಮಾಡಿದ್ದ. ಒಂದು ಎಸಳು ಹಿಡಿದೆಳೆದು, ಮೂಸಿ, "ಬೇರಿಲ್ಲ, ವಾಸನೆ ಇಲ್ಲ, ಮಧ್ಯಾಹ್ನ ಕಾಲಿಟ್ರೆ ಹಂಚು ಕಾದಂಗೆ ಕಾಯ್ತೈತೆ. ಇದ್ಯಾವ ಸೀಮೆ ಹುಲ್ರಿ?" ಎಂದು ನಕ್ಕಿದ್ದ. ಬಿಸಿಲಿಗೆ ಅದು ಕಾಯುತ್ತದೆಂದು ರಿಯಾಜ್ ದಿನಾ ನೀರು ಹೊಡೆಸುತ್ತಿದ್ದ. ಆ ನೀರು ಹರಿದು ಬಲೆಯ ಅಂಚಿನುದ್ದಕ್ಕೂ ನಿಜವಾದ ಗರಿಕೆ ಒಂದು ಗೇಣು ಅಗಲಕ್ಕೆ ಹುಟ್ಟಿಕೊಂಡಿತ್ತು. ದೂರದಿಂದ ನೋಡಿದರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೋ ಹೇಳುವುದಕ್ಕಾಗುತ್ತಿರಲಿಲ್ಲ.

ಒಂದು ಬುಧವಾರ ಬೆಳಗ್ಗೆ ತಳಕಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೊರಟಿದ್ದೆ. ಸ್ಕೂಟರಿನಲ್ಲಿ ಐಸ್ ತುಂಬಿದ ಲಸಿಕೆ ಪೆಟ್ಟಿಗೆ. ಟರ್ಫ್ ಮುಂದೆ ಪಾಲಯ್ಯ ಕೈಯಡ್ಡ ಹಾಕಿದ.

"ಡಾಕ್ಟ್ರಮ್ಮ, ಕೆಂಚ ನಿನ್ನೆಯಿಂದ ಉಂಡಿಲ್ಲ. ಎರಡು ಸಲ ಕಕ್ಕಿದ."

ಗೇಟು ದಾಟಿ ಒಳಗೆ ಹೋಗಿ ನೋಡಿದೆ. ಕಣ್ಣು ತೆರೆದಿಟ್ಟು ಮಲಗಿತ್ತು. ಜ್ವರವಿರಲಿಲ್ಲ. ಒಸಡು ಚೆನ್ನಾಗಿತ್ತು.

"ಬೇರೆ ಏನು ತಿಂದ?"

"ಏನಿಲ್ರಿ. ಸೋಮವಾರ ಬೆಳಗ್ಗೆ ಅಗೋ ಆ ಮೂಲ್ಯಾಗೆ ನಿಂತು ಗರಿಕೆ ತಿಂತಿದ್ದ. ಹೊಟ್ಟೆ ಕೆಟ್ಟಿರಬೇಕು, ತಾನೇ ಔಷಧಿ ಮಾಡ್ಕೊಂತವ್ನೆ ಅಂತ ನಾನೂ ಸುಮ್ಕಾದೆ."

"ಸರಿ ಮತ್ತೆ. ತಿನ್ನಲಿ ಬಿಡು ಪಾಲಣ್ಣ. ಕಕ್ಕಿಕೊಂಡು ಸರಿ ಹೋಗ್ತಾನೆ" ಎಂದೆ.

ಈ ಮಾತು ಹೇಳುವಾಗ ನಾನು ನಿಂತಿದ್ದು ಎಲ್ಲಿ ಗೊತ್ತೇ? ಆ ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಚಪ್ಪಲಿ ಹಾಕಿಕೊಂಡು. ಅವನು ಕೈ ತೋರಿಸಿದ ಮೂಲೆ ನಲವತ್ತು ಹೆಜ್ಜೆ ದೂರವಿತ್ತು. ನಲವತ್ತು ಹೆಜ್ಜೆ ನಡೆಯಲಿಲ್ಲ. ಐಸ್ ಕರಗುತ್ತದೆ, ತಳಕಿನಲ್ಲಿ ಜನ ದನ ಕಟ್ಟಿಕೊಂಡು ಕಾಯುತ್ತಿರುತ್ತಾರೆ ಎಂಬ ಅವಸರ. ಮೂವತ್ತು ವರ್ಷದಿಂದ ಬಾಯಿಪಾಠವಾದ ಮಾತನ್ನು ಉದುರಿಸಿ ಸ್ಕೂಟರ್ ಹತ್ತಿದೆ. ಅಡವಿಯಲ್ಲಿ ಹುಟ್ಟಿ ಬೆಳೆದ ನಾಯಿ ಪ್ಲಾಸ್ಟಿಕ್ಕಿಗೆ ಬಾಯಿ ಹಾಕುತ್ತದೆಂದು ಪಾಲಯ್ಯನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಮುಂದೆ ರಿಯಾಜನ ವ್ಯಾನು ಬಂದು ನಿಂತಿತು. ನಮಾಜಿಗೆ ಹೊರಟವನು, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ. ಆ ಜುಬ್ಬಾದ ಮೇಲೆಯೇ ಕೆಂಚನನ್ನು ಎರಡೂ ಕೈಯಿಂದ ಎತ್ತಿಕೊಂಡು ಇಳಿದ. ನಾಯಿ ವಾಂತಿ ಮಾಡಿ ಅವನ ಎದೆಯೆಲ್ಲ ಹಳದಿಯಾಗಿತ್ತು. ಹಿಂದೆ ಪಾಲಯ್ಯ ಮಂಡಿ ಹಿಡಿದುಕೊಂಡು ಕುಂಟುತ್ತ ಬಂದ.

"ಬಟ್ಟೆ ಎಲ್ಲ ಹೋಯ್ತಲ್ಲ ರಿಯಾಜ್" ಎಂದೆ.

"ಇರ್ಲಿ ಬಿಡಿ ಮೇಡಂ, ತೊಳ್ಕೊಂಡು ಬದಲಾಯಿಸ್ಕೊಂಡು ಹೋಗ್ತೀನಿ. ಮೊದ್ಲು ಇವನ್ನ ನೋಡಿ, ಜಲ್ದಿ" ಎಂದ.

ಆಗ ನಮ್ಮ ಡಾಕ್ಟರ್ ನಾಗರಾಜ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಿತಭಾಷಿ. ದನಗಳ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಚೀಲದ ಗಂಟು ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಕೆಂಚನ ಹೊಟ್ಟೆಯನ್ನು ಎರಡೂ ಅಂಗೈಯಿಂದ ಒತ್ತಿ ನೋಡಿದರು. ಒಂದು ಕಡೆ ಕೈ ನಿಂತಿತು. "ಇಲ್ಲೇನೋ ಗಟ್ಟಿ ಇದೆ. ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು.

ಪಾಲಯ್ಯನ ದನಿಯಲ್ಲಿ ಒಂದಿಷ್ಟೂ ದೂರಿರಲಿಲ್ಲ. "ಬುಧವಾರ ಡಾಕ್ಟ್ರಮ್ಮನೇ ಬಂದು ನೋಡಿದ್ರಲ್ರಿ. ಹುಲ್ಲು ತಿಂದವ್ನೆ, ಕಕ್ಕಿ ಸರಿ ಹೋಗ್ತಾನೆ ಅಂದ್ರು."

ಡಾಕ್ಟರು ನನ್ನ ಮುಖ ನೋಡಿದರು. ಪುಣ್ಯಾತ್ಮ ಏನೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು. ರಾಂಪುರದ ಮುಂಗೋಪಿಯಾಗಿದ್ದರೆ ಬೈದು ಮುಗಿಸುತ್ತಿದ್ದರು. ಅಷ್ಟರಲ್ಲಿ ರಿಯಾಜ್ ನಿಧಾನಕ್ಕೆ ಹೇಳಿದ: "ಸಾರ್, ಆ ಮೂಲೆಯಲ್ಲಿ ಟರ್ಫ್ ಒಂದು ಮೊಳ ಕಿತ್ತೋಗೈತೆ. ಇಲಿ ಕಡಿದಿರಬೇಕು ಅಂದ್ಕೊಂಡಿದ್ದೆ. ಭಾನುವಾರ ಟೂರ್ನಮೆಂಟ್ ಇತ್ತು, ಅಲ್ಲೇ ಕಬಾಬಿನವನ್ನ ಕೂರ್ಸಿದ್ದೆ. ಮಸಾಲೆ ಎಲ್ಲ ಅಲ್ಲೇ ಚೆಲ್ಲಿತ್ತು."

ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಕೆಂಚ ಗರಿಕೆಗೆ ಹೋದವನಲ್ಲ, ಕಬಾಬಿನ ರುಚಿಗೆ ಹೋದವನು. ನೆಕ್ಕಿ, ನೆಕ್ಕಿ, ಸಾಲದೆ ಕಿತ್ತು ತಿಂದಿದ್ದ. ಪಾಲಯ್ಯ ಗೋಡೆಗೆ ಒರಗಿದ. "ಹೆಂಗಾರ ಮಾಡಿ ಉಳಿಸಿಕೊಡ್ರಿ ಸಾಮಿ. ನನಗೆ ಇವನೊಬ್ಬನೇ ಇರೋದು" ಎಂದು ಡಾಕ್ಟರಿಗೆ ಕೈ ಮುಗಿದ.

ಕೊಯ್ಯುವಾಗ ಕೆಂಚನ ತಲೆ ಹಿಡಿದು ನಿಂತವಳು ನಾನೇ. ಪಾಲಯ್ಯನನ್ನು ಹೊರಗೆ ಕಳಿಸಿದ್ದೆವು, ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. ಡಾಕ್ಟರು ಸಣ್ಣಕರುಳಿಗೆ ಚಿಕ್ಕ ಗಾಯ ಮಾಡಿ ಚಿಮ್ಮಟದಿಂದ ತುದಿ ಹಿಡಿದು ಎಳೆದರು. ಹಸಿರು ಪಟ್ಟಿ. ಎಳೆದಷ್ಟೂ ಬಂತು. ತಳದ ಕಪ್ಪು ರಬ್ಬರು ಸಮೇತ ಗೇಣಿಗೂ ಹೆಚ್ಚು ಉದ್ದ. ನಾಲ್ಕು ದಿನ ಹೊಟ್ಟೆಯಲ್ಲಿದ್ದರೂ ಒಂದೆಳೆಯೂ ಬಾಡಿರಲಿಲ್ಲ, ಅಂಗಡಿಯಿಂದ ತಂದಂತೆ ಹಸಿರಾಗಿತ್ತು. ಡಾಕ್ಟರು ಅದನ್ನು ತಟ್ಟೆಗೆ ಹಾಕಿ, "ಕರುಳಿನ ಬಣ್ಣ ಕೆಟ್ಟಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು" ಎಂದಷ್ಟೇ ಹೇಳಿ ಹೊಲಿಗೆ ಹಾಕತೊಡಗಿದರು. ನನ್ನ ಕೈಯಲ್ಲಿದ್ದ ಆ ತಲೆ ಬಿಸಿಯಾಗಿತ್ತು. ಅದರ ಕಿವಿಯೊಳಗೆ ಒಂದು ಚೂರೂ ಕೊಳೆಯಿರಲಿಲ್ಲ.

ಹೊರಗೆ ಬಂದು ತಟ್ಟೆ ತೋರಿಸಿದೆ. ಪಾಲಯ್ಯ ಪಟ್ಟಿಯನ್ನು ಬೆರಳಲ್ಲಿ ಉಜ್ಜಿದ, ಅಭ್ಯಾಸಬಲದಿಂದ ಮೂಸಿದ.

"ನಲವತ್ತು ವರ್ಷ ಅಡವಿ ಅಲೆದೀನ್ರಿ. ಹುಲ್ಲು ನೋಡಿ ಮಳೆ ಎಷ್ಟು ಬಿದ್ದೈತೆ ಅಂತ ಹೇಳ್ತಿದ್ದೆ. ನನ್ನ ನಾಯಿ ಕಣ್ಣೆದುರಿಗೆ ಈ ದರಿದ್ರ ತಿನ್ನೋದು ನೋಡ್ಕೊಂತ, ಔಷಧಿ ತಿಂತೈತೆ ಅಂತ ಖುಷಿಪಟ್ಟೆನಲ್ರಿ."

"ನೀನು ದೂರದಿಂದ ನೋಡಿದೆ ಪಾಲಣ್ಣ. ನಾನು ಅದರ ಮೇಲೇ ನಿಂತಿದ್ದೆ. ತಪ್ಪು ನನ್ನದು, ಕ್ಷಮಿಸು" ಎಂದೆ. ನೌಕರಿಯುದ್ದಕ್ಕೂ ಮೇಲಧಿಕಾರಿಗಳ ಮುಂದೆ ಎಷ್ಟೋ ಸಲ ತಪ್ಪಾಯಿತು ಸಾರ್ ಎಂದಿದ್ದೇನೆ. ಪ್ರಾಣಿಯ ಯಜಮಾನನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅವನು ಪಟ್ಟಿಯನ್ನು ತಟ್ಟೆಗೆ ಹಾಕಿ, "ಬಿಡ್ರಿ, ಇಬ್ರೂ ಸೇರಿ ದಡ್ಡರಾದ್ವಿ" ಎಂದ.

ನಾಯಿ ಬದುಕಿತು ಎಂದು ಆಗಲೇ ಹೇಳುವ ಹಾಗಿರಲಿಲ್ಲ. ಹೊಲಿದ ಕರುಳು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದಕ್ಕೆ ಒಂದೇ ದಾರಿ. ನಾಯಿ ಹೇಲಬೇಕು. ಮುಚ್ಚುಮರೆ ಏಕೆ, ನಮ್ಮ ವೃತ್ತಿಯಲ್ಲಿ ಅದೇ ಪರಮಸತ್ಯ. ಶನಿವಾರ ಗ್ಲೂಕೋಸು ಏರಿಸಿದೆವು. ಭಾನುವಾರ ತೆಳುಗಂಜಿ ಕುಡಿಯಿತು. ಸೋಮವಾರ ಮತ್ತೆ ಗಂಜಿ. ಹೊಲಿಗೆ ಬಿಚ್ಚೀತೆಂದು ಸಿಮೆಂಟಿನ ಕೋಣೆಯಲ್ಲೇ ಚಿಕ್ಕ ಹಗ್ಗದಲ್ಲಿ ಕಟ್ಟಿದ್ದೆವು. ನಡೆಸಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಸೋಮವಾರ ಸಂಜೆಯಾದರೂ ಏನೂ ಇಲ್ಲ. ಹೊಟ್ಟೆ ಬಿಗಿಯಾಗತೊಡಗಿತ್ತು. ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ನಾಳೆಯೂ ಆಗದಿದ್ದರೆ ಮತ್ತೆ ತೆರೆದು ನೋಡಬೇಕು. ಎರಡನೇ ಸಲ ಅದು ತಡೆಯುತ್ತೆ ಅಂತ ನನಗೆ ನಂಬಿಕೆ ಇಲ್ಲ" ಎಂದರು.

ಅಲ್ಲಿಯವರೆಗೆ ಪಾಲಯ್ಯನನ್ನು ಕೋಣೆಯೊಳಗೆ ಬಿಟ್ಟಿರಲಿಲ್ಲ. ಮಂಗಳವಾರ ಬೆಳಗ್ಗೆ ಒಳಗೆ ಕರೆದು ವಿಷಯ ಹೇಳಲೇಬೇಕಾಯಿತು. ಅವನು ಕೋಣೆಯ ನೆಲ ನೋಡಿದ, ನನ್ನನ್ನು ನೋಡಿದ.

"ಇಲ್ಲೇ ಕಟ್ಟಿದ್ರೇನ್ರಿ ಮೂರು ದಿನಾನೂ?"

"ಹೌದು, ಓಡಾಡಬಾರದಲ್ಲ."

"ಅಯ್ಯ ನಿಮ್ಮ, ಇವನು ಸಿಮೆಂಟಿನ ಮೇಲೆ ಹೆಂಗ್ರಿ ಕೂರ್ತಾನೆ? ಹುಟ್ಟಿದಾಗಿಂದ ಕೂತವನಲ್ಲ. ಆ ಟರ್ಫಿನ ಮೇಲೂ ಒಂದು ದಿನ ಗಲೀಜು ಮಾಡಿಲ್ಲ. ದಿನಾ ರಸ್ತೆ ದಾಟಿಸಿ ಬೀಳಿಗೆ ಕರ್ಕೊಂಡು ಹೋಗ್ತಿದ್ದೆ. ಕಾಲಿಗೆ ಹುಲ್ಲು ತಾಕಬೇಕು ಇವನಿಗೆ."

ಸಾಹುಕಾರರ ಮನೆಯ ಹತ್ತಿಯುಂಡೆಗೆ ಮಣ್ಣಿಗೆ ಕರೆದುಕೊಂಡು ಹೋಗಿ ಎಂದು ಬುದ್ಧಿ ಹೇಳಿದವಳು ನಾನು. ಈ ನಾಯಿಯ ವಿಷಯದಲ್ಲಿ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ನಡೆಸಬೇಡಿ, ಎತ್ತಿಕೊಂಡು ಹೋಗಿ" ಎಂದರು.

ಆಸ್ಪತ್ರೆಯ ಹಿಂದೆ ದನಗಳಿಗೆ ನೀರು ಕುಡಿಸುವ ತೊಟ್ಟಿಯಿದೆ. ಅದು ಸದಾ ತುಳುಕಿ ತುಳುಕಿ ಸುತ್ತ ಒಂದು ಮಂಚದಗಲ ಗರಿಕೆ ಬೆಳೆದಿತ್ತು. ಗೋಣಿಚೀಲದ ಎರಡು ತುದಿ ಪಾಲಯ್ಯ ಹಿಡಿದ, ಎರಡು ತುದಿ ರಿಯಾಜ್ ಹಿಡಿದ. ಕೆಂಚನನ್ನು ಗರಿಕೆಯ ಮೇಲೆ ಇಳಿಸಿ, ಉದ್ದ ಹಗ್ಗ ಬಿಟ್ಟರು. ಅದು ನಡುಗುವ ಕಾಲಿನಲ್ಲಿ ನಿಂತಿತು. ನಾವು ನಾಲ್ಕೂ ಜನ ಸುತ್ತ ನಿಂತು ಅದರ ಹಿಂಭಾಗವನ್ನೇ ನೋಡುತ್ತಿದ್ದೆವು. ಕೆಂಚ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ತಲೆ ತಗ್ಗಿಸಿತು.

"ನಾಚ್ಕೊಂತಾನ್ರಿ. ಯಾರೂ ನೋಡಬ್ಯಾಡ್ರಿ" ಎಂದು ಪಾಲಯ್ಯ ಪಿಸುಗುಟ್ಟಿದ.

"ಎಲ್ಲರೂ ಗೋಡೆ ಕಡೆ ತಿರುಗಿ" ಎಂದು ಡಾಕ್ಟರು ಆಜ್ಞೆ ಮಾಡಿದರು. ತಿರುಗಿದೆವು. ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಾಲ್ವರು ಸಾಲಾಗಿ ನಿಂತೆವು, ಮನೆಪಾಠ ಮಾಡದೆ ಬಂದ ಮಕ್ಕಳ ಹಾಗೆ. ರಿಯಾಜನ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆ ಮಾಡುತ್ತಿದ್ದನೋ ಏನೋ. ನಾನು ಗೋಡೆಯ ಮೇಲಿನ ಇರುವೆ ಸಾಲನ್ನು ನೋಡುತ್ತ, ದೇವರೇ, ಇದೊಂದು ನಾಯಿ ಉಳಿಸಿಕೊಡು, ನಾನು ಇನ್ನು ಯಾವತ್ತೂ ಸ್ಕೂಟರಿನಿಂದ ಇಳಿಯುವ ಮೊದಲೇ ಔಷಧಿ ಹೇಳುವುದಿಲ್ಲ ಎಂದು ಬೇಡಿಕೊಳ್ಳುತ್ತಿದ್ದೆ.

ಹತ್ತು ನಿಮಿಷವಾಗಿರಬೇಕು. ಎಮ್ಮೆಗೆ ನೀರು ಕುಡಿಸಲು ಬಂದ ಹೆಂಗಸೊಬ್ಬಳು ನಮ್ಮ ಹಿಂದೆ ಬಂದು ನಿಂತಳು.

"ಏನ್ರಿ ಡಾಕ್ಟ್ರೆ, ಎಲ್ರೂ ಗೋಡೆಗೆ ಮಕ ಮಾಡ್ಕೊಂಡು ನಿಂತೀರಿ? ಏನೈತೆ ಅಲ್ಲಿ?"

ಡಾಕ್ಟರ ಕಿವಿ ಕೆಂಪಾಯಿತು. ಆಕೆ ನಮ್ಮನ್ನು ಬಿಟ್ಟು ತೊಟ್ಟಿಯ ಕಡೆ ಹೋದಳು. ಮತ್ತೆ ಅವಳದೇ ದನಿ ಕೇಳಿಸಿತು, ಎಮ್ಮೆಗೆ ಹೇಳುವಷ್ಟೇ ಮಾಮೂಲಿಯಾಗಿ.

"ಯಾರ್ದ್ರಿ ಈ ನಾಯಿ? ಹೇತಾಕೈತೆ ನೋಡ್ರಿ, ನೀರು ಕುಡಿಯೋ ಜಾಗದಾಗೆ."

ನಾಲ್ವರೂ ಒಟ್ಟಿಗೆ ತಿರುಗಿದೆವು. ಡಾಕ್ಟರ್ ನಾಗರಾಜ್ ಓಡಿಹೋಗಿ ಕುಕ್ಕರಗಾಲಿನಲ್ಲಿ ಕೂತು, ಕಡ್ಡಿಯಿಂದ ಕೆದಕಿ ನೋಡಿ, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ" ಎಂದರು. ಆ ಹೆಂಗಸು ಇವರಿಗೆಲ್ಲ ತಲೆ ಕೆಟ್ಟಿದೆ ಎಂಬಂತೆ ಎಮ್ಮೆಯನ್ನು ದೂರ ಎಳೆದುಕೊಂಡಳು. ಪಾಲಯ್ಯ ಅಲ್ಲೇ ನೆಲದ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಬಂತು. ರಿಯಾಜ್ ಆಸ್ಪತ್ರೆಯಲ್ಲಿದ್ದ ಎಲ್ಲರಿಗೂ ಚಹಾ ತರಿಸಿದ, ಎಮ್ಮೆಯವಳಿಗೂ ಸೇರಿಸಿ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದೆವು. ಅಷ್ಟರಲ್ಲಿ ಕಿತ್ತುಹೋದ ಮೂಲೆಯನ್ನು ರಿಯಾಜ್ ಸರಿಮಾಡಿಸಿ, ಕಬಾಬಿನವನನ್ನು ಗೇಟಿನಾಚೆ ಕಳಿಸಿದ್ದ. ಕೆಂಚ ತನ್ನ ಕಾಲಿನಲ್ಲೇ ನಡೆದು ಬಂದಿದ್ದ. ಆದರೆ ಪಾಲಯ್ಯ ಬದಲಾಗಿದ್ದ. ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಹಸಿರಾಗಿ ಕಂಡದ್ದರ ಹತ್ತಿರಕ್ಕೂ ನಾಯಿಯನ್ನು ಬಿಡುತ್ತಿಲ್ಲ, ಬೀಳಿನಲ್ಲಿ ಕೂಡ ಕೈಯಿಂದ ಬಾಯಿ ಹಿಡಿದುಕೊಂಡೇ ನಿಲ್ಲುತ್ತಾನೆ ಎಂದು ರಿಯಾಜ್ ಹೇಳಿದ.

ಹೊರಡುವಾಗ ಕೆಂಚ ತೊಟ್ಟಿಯ ಕಡೆ ಎಳೆಯಿತು. ಗರಿಕೆಯ ಮೇಲೆ ನಿಂತು, ಮೂಸಿ, ಒಂದು ಎಸಳಿಗೆ ಬಾಯಿ ಹಾಕಿತು. "ಬ್ಯಾಡ ಲೇ" ಎಂದು ಪಾಲಯ್ಯ ಹಗ್ಗ ಜಗ್ಗಿದ ರಭಸಕ್ಕೆ ನಾಯಿಯ ತಲೆ ಹಿಂದಕ್ಕೆ ಬಂತು. ಆಮೇಲೆ ಅವನು ನನ್ನನ್ನು ನೋಡಿದ. "ತಿನ್ನಬಹುದೇನ್ರಿ ಡಾಕ್ಟ್ರಮ್ಮ?" ಎಂದು ಕೇಳಿದ. ಪಾಲಯ್ಯ, ಅಡವಿಯ ಪಾಲಯ್ಯ, ಹುಲ್ಲಿನ ವಿಷಯಕ್ಕೆ ನನ್ನನ್ನು ಕೇಳುತ್ತಿದ್ದ. ನನಗೆ ಬಹಳ ಕೆಟ್ಟದೆನಿಸಿತು. ನಾಯಿಯ ಕರುಳನ್ನು ಡಾಕ್ಟರು ಹೊಲಿದಿದ್ದರು, ಇವನಿಗೆ ಆದ ಗಾಯ ಹಾಗೇ ಇತ್ತು.

ಬಾಯಿಮಾತಿನಲ್ಲಿ ಹೂಂ ಎನ್ನಲು ನಾಲಿಗೆ ಬರಲಿಲ್ಲ. ಬಗ್ಗಿ ಎರಡು ಎಸಳು ಕಿತ್ತೆ. ಆ ಜಾಗದಲ್ಲಿ ಎಷ್ಟು ಎಮ್ಮೆಗಳು ಉಚ್ಚೆ ಹೊಯ್ದಿದ್ದವೋ, ನಲ್ಲಿಯ ನೀರಿನಲ್ಲಿ ತೊಳೆದು, ಒಂದನ್ನು ನನ್ನ ಬಾಯಿಗೆ ಹಾಕಿ ಅಗಿದೆ. ಇನ್ನೊಂದನ್ನು ಅವನ ಕೈಗಿಟ್ಟೆ.

"ನೀನೇ ನೋಡಿ ಹೇಳು ಪಾಲಣ್ಣ."

ಅವನು ಎಸಳನ್ನು ತಿರುಗಿಸಿ ನೋಡಿ, ಬೆರಳಲ್ಲಿ ಹೊಸಕಿ, ಮೂಸಿ, ಹಲ್ಲಿನ ನಡುವೆ ಇಟ್ಟುಕೊಂಡ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದು ರಸ ನುಂಗಿದ.

"ಗರಿಕೆ" ಎಂದ. ಮಣಿಕಟ್ಟಿಗೆ ಸುತ್ತಿದ್ದ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿ, ಉದ್ದಕ್ಕೆ ಬಿಟ್ಟ.